ಹತ್ತುಮೀನು ಕಡಿಮೆಯಾಗಿದ್ದಕ್ಕೆ ಹವಾಮಾನ ಬದಲಾವಣೆ ಕಾರಣವಾ, ನಾವೇ ಕಾರಣವಾ?

ಗದ್ದೆಮನೆ (ಹೊಸನಗರ ತಾಲ್ಲೂಕು)

ನಮ್ಮದು ನಿಟ್ಟೂರು ಕಡೆ. ಸ್ವಲ್ಪ ಅಡಿಕೆ, ಸ್ವಲ್ಪ ಗದ್ದೆ. ಗದ್ದೆ ಕೆಳಗೆ ಒಂದು ಹಳ್ಳ ಇದೆ. ಅದು ಮುಂದೆ ಹೋಗಿ ಶರಾವತಿ ಹಿನ್ನೀರಿಗೆ ಸೇರುತ್ತದೆ.

ಮಲೆನಾಡಿನವರಿಗೆ ಹತ್ತುಮೀನು ಅಂದರೆ ವಿವರಿಸಬೇಕಾಗಿಲ್ಲ. ಬಯಲುಸೀಮೆಯವರಿಗೆ ಎರಡು ಮಾತು. ಮಳೆಗಾಲದ ಮೊದಲ ಕೆಂಪು ನೀರು ಹಳ್ಳಕ್ಕೆ ಇಳಿದ ಕೂಡಲೇ ಹೊಳೆಯಲ್ಲಿರುವ ಮೀನುಗಳು ನೀರಿಗೆ ಎದುರಾಗಿ ಮೇಲೆ ಹತ್ತುತ್ತವೆ. ಹಳ್ಳದಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆ ಅಂಚಿನ ಕಂಡಿ ಹಾರಿ ಒಳಗೆ. ಅಲ್ಲಿ ನಿಂತ ನೀರಿನಲ್ಲಿ ಮೊಟ್ಟೆ ಇಡುತ್ತವೆ. ಆ ರಾತ್ರಿ ಊರಿಗೆ ಊರೇ ಬ್ಯಾಟರಿ, ಕತ್ತಿ, ಬುಟ್ಟಿ ಹಿಡಿದು ಹಳ್ಳದಲ್ಲಿರುತ್ತದೆ. ಕಂಡಿಗೆ ಕೂಣಿ (ಮೀನು ಹಿಡಿಯುವ ಬೋನು) ಒಡ್ಡಿದವನ ಮನೆಯಲ್ಲಿ ಮಾರನೆ ದಿನ ಮೀನು ತಿಂದು ಮುಗಿಯುವುದಿಲ್ಲ. ನೆರೆಮನೆಗೆಲ್ಲ ಹಂಚಬೇಕು.

ನಮ್ಮಪ್ಪನ ಕಾಲದಲ್ಲಿ ಮೃಗಶಿರ ಮಳೆ ಹಿಡಿಯಿತು ಅಂದರೆ ಇದು ಆಯಿತು ಅಂತಲೇ ಲೆಕ್ಕ. ಆರಿದ್ರಾ ಬರುವ ಹೊತ್ತಿಗೆ ಗದ್ದೆಯಲ್ಲಿ ಮರಿ ಓಡಾಡುತ್ತಿದ್ದವು. ಈಗ ಹಾಗಿಲ್ಲ. ಒಂದು ವರ್ಷ ಮೇ ತಿಂಗಳಲ್ಲೇ ಹಳ್ಳ ತುಂಬಿ ಕೆಂಪು ನೀರು ಬರುತ್ತದೆ. ಮೀನು ಹತ್ತುತ್ತದೆ. ಆಮೇಲೆ ಮಳೆ ಮಾಯ. ಗದ್ದೆ ಒಣಗಿ ಬಿರುಕು ಬಿಡುತ್ತದೆ. ಇನ್ನೊಂದು ವರ್ಷ ಜೂನ್ ಪೂರ್ತಿ ಬಿಸಿಲು. ಜುಲೈನಲ್ಲಿ ಒಮ್ಮೆಲೇ ಹೊಡೆದ ಮಳೆಗೆ ಗದ್ದೆ ಅಂಚೇ ಕೊಚ್ಚಿಹೋಗುತ್ತದೆ, ಮೀನು ಎಲ್ಲಿಂದ ಹತ್ತಬೇಕು?

ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ಇದೆಲ್ಲ ಹವಾಮಾನ ಬದಲಾವಣೆ ಅನ್ನುತ್ತಾನೆ. ಪಕ್ಕದ ತೋಟದವರು ಎಲ್ಲ ಕಳೆನಾಶಕದ ಪ್ರಭಾವ ಅನ್ನುತ್ತಾರೆ. ಇಬ್ಬರದೂ ಸರಿ ಇರಬಹುದು. ನನಗೆ ಬೇಕಾಗಿರುವುದು ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದು. ಭೂಮಿ ಒಂದು ಡಿಗ್ರಿ ಬಿಸಿಯಾಯಿತು ಅನ್ನುತ್ತಾರೆ. ನಮ್ಮಲ್ಲಿ ಬೇಸಿಗೆ ಮಧ್ಯಾಹ್ನ 36, ಅದೇ ದಿನ ಬೆಳಗಿನ ಜಾವ 20 ಇರುತ್ತದೆ. ದಿನಕ್ಕೆ ಹದಿನಾರು ಡಿಗ್ರಿ ತಡೆಯುವ ಪ್ರಾಣಿ ಒಂದು ಡಿಗ್ರಿಗೆ ಸಾಯುತ್ತದೆ ಅಂದರೆ ನಂಬುವುದು ಹೇಗೆ? ಗೊತ್ತಿದ್ದವರು ನಮ್ಮ ಕಡೆಯ ಉದಾಹರಣೆ ಇಟ್ಟು ಹೇಳಿ. ಹಿಮಕರಡಿ ಕತೆ ಬೇಡ, ಟಿವಿಯಲ್ಲಿ ನೋಡಿ ಸಾಕಾಗಿದೆ.

ಹಳ್ಳದ ದಾರಿ (ಶಿವಮೊಗ್ಗ)

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಮಳೆಗಾಲದಲ್ಲಿ ಹುಡುಗರನ್ನು ಕಟ್ಟಿಕೊಂಡು ಕಪ್ಪೆ ನೋಡಲು ಹೋಗುವ ಚಟ. ನಿಮ್ಮ ಒಂದು ಡಿಗ್ರಿ ಪ್ರಶ್ನೆ ನಮ್ಮ ತರಗತಿಯಲ್ಲೂ ಪ್ರತಿ ವರ್ಷ ಬರುತ್ತದೆ.

ಬಿಸಿಲಿಗೆ ನೇರವಾಗಿ ಸಾಯುವ ಪ್ರಾಣಿಗಳು ಇವೆ, ಆದರೆ ಮಲೆನಾಡಿನಲ್ಲಿ ಅದು ಮುಖ್ಯ ಕತೆ ಅಲ್ಲ. ಆ ಒಂದು ಡಿಗ್ರಿ ಇಡೀ ಭೂಮಿಯ, ಇಡೀ ವರ್ಷದ ಸರಾಸರಿ. 1850ರಿಂದ 1900ರ ಅವಧಿಗೆ ಹೋಲಿಸಿದರೆ 2011ರಿಂದ 2020ರ ದಶಕ ಸುಮಾರು 1.1 ಡಿಗ್ರಿ ಬೆಚ್ಚಗಿತ್ತು. ಸರಾಸರಿ ಅಷ್ಟು ಏರಿದಾಗ ಸಮುದ್ರ ಕಾಯುತ್ತದೆ, ಗಾಳಿ ಜಾಸ್ತಿ ತೇವ ಹಿಡಿದಿಟ್ಟುಕೊಳ್ಳುತ್ತದೆ. ಒಂದೊಂದು ಡಿಗ್ರಿಗೆ ಸುಮಾರು ಶೇ 7ರಷ್ಟು ಜಾಸ್ತಿ. ಹಿಡಿದಿಟ್ಟಿದ್ದನ್ನು ಸುರಿಸುವಾಗ ಒಮ್ಮೆಲೇ ಸುರಿಸುತ್ತದೆ. ಹಾಗಾಗಿ ವರ್ಷದ ಒಟ್ಟು ಇಂಚು ನೋಡಿದರೆ ಏನೂ ಬದಲಾಗಿಲ್ಲ ಅನ್ನಿಸಬಹುದು. ಬಿದ್ದ ದಿನಗಳನ್ನು ನೋಡಿದರೆ ಬೇರೆಯೇ ಕತೆ.

ಈಗ ನಿಮ್ಮ ಮೀನು. ಮಳೆಗಾಲದಲ್ಲಿ ಮೊಟ್ಟೆ ಇಡುವ ಮೀನುಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ಮೊಟ್ಟೆ ಬಲಿತು ತಯಾರಾಗಿರುತ್ತವೆ. ಆದರೆ ಇಡುವುದಿಲ್ಲ, ಸೂಚನೆಗೆ ಕಾಯುತ್ತವೆ. ನೀರು ತಣ್ಣಗಾಗಬೇಕು, ಕೆಂಪಾಗಬೇಕು, ಹರಿವು ಜೋರಾಗಬೇಕು. ಸೂಚನೆ ತೀರಾ ತಡವಾದರೆ, ಕಾರ್ಪ್ ಜಾತಿಯ ಮೀನುಗಳಲ್ಲಿ ನೋಡಿರುವಂತೆ, ಬಲಿತ ಮೊಟ್ಟೆಯನ್ನು ದೇಹವೇ ಹೀರಿಕೊಂಡುಬಿಡುತ್ತದೆ. ಆ ವರ್ಷದ ಸಂತಾನ ಅಲ್ಲಿಗೆ ಮುಗಿಯಿತು. 2023ರಲ್ಲಿ ಮುಂಗಾರು ಕೇರಳಕ್ಕೆ ಬಂದಿದ್ದೇ ಜೂನ್ 8ಕ್ಕೆ. ಆಗಸ್ಟ್‌ನಲ್ಲಂತೂ ದೇಶದಲ್ಲಿ 1901ರಿಂದ ಈಚೆಗೆ ಅಷ್ಟು ಕಡಿಮೆ ಮಳೆ ಬಿದ್ದ ಆಗಸ್ಟ್ ಇಲ್ಲ. ಕರ್ನಾಟಕದಲ್ಲಿ ಬರ ಘೋಷಣೆಯಾಯಿತು. 2025ರಲ್ಲಿ ಉಲ್ಟಾ, ಮೇ 24ಕ್ಕೇ ಮುಂಗಾರು ಕೇರಳ ಮುಟ್ಟಿತು. ಎರಡು ವರ್ಷದ ಅಂತರದಲ್ಲಿ ಹದಿನೈದು ದಿನ ಹಿಂದೆ ಮುಂದೆ. ನಮಗೆ ಬಿತ್ತನೆ ಮುಂದೂಡುವುದು ಗೊತ್ತು. ಮೀನಿಗೆ ಹವಾಮಾನ ವರದಿ ಯಾರು ಹೇಳುತ್ತಾರೆ?

ಬೇಗ ಬಂದರೆ ಒಳ್ಳೆಯದಲ್ವಾ ಅಂತ ಕೇಳಬಹುದು. ನೀವೇ ಬರೆದಿದ್ದೀರಿ. ಸೂಚನೆ ಸುಳ್ಳಾದರೆ ತಡವಾಗುವುದಕ್ಕಿಂತ ಕೆಟ್ಟದ್ದು. ಹತ್ತಿದ ಮೀನು ಗದ್ದೆಯಲ್ಲಿ ಮೊಟ್ಟೆ ಇಟ್ಟಾಗಿದೆ, ಮರಿ ಈಜಿ ಹಳ್ಳಕ್ಕೆ ವಾಪಸ್ ಹೋಗುವಷ್ಟು ದಿನ ನೀರು ನಿಲ್ಲಬೇಕು. ನಡುವೆ ಮಳೆ ಕೈಕೊಟ್ಟರೆ ಅಷ್ಟೂ ಮರಿ ಕೊಕ್ಕರೆಯ ಪಾಲು.

ನೀರಿನ ಬಿಸಿಯೂ ಲೆಕ್ಕಕ್ಕೆ ಬರುತ್ತದೆ. 20 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. 30 ಡಿಗ್ರಿ ಆದರೆ ಏಳೂವರೆ. ಅದೇ ಹೊತ್ತಿಗೆ ಬೆಚ್ಚಗಿನ ನೀರಿನಲ್ಲಿರುವ ಮೀನಿನ ಉಸಿರಾಟ ಜೋರಾಗುತ್ತದೆ. ಬೇಕಾದ್ದು ಜಾಸ್ತಿ, ಸಿಗುವುದು ಕಡಿಮೆ. ಚೇಳುಮೀನಿನಂಥವು ಮೇಲೆ ಬಂದು ಗಾಳಿ ಕುಡಿದು ಬದುಕುತ್ತವೆ. ಹರಿಯುವ ತಿಳಿನೀರು, ಕಲ್ಲು ಜಲ್ಲಿಯ ನಡುವೆಯೇ ಇರುವ ಸಣ್ಣ ಮೀನುಗಳಿಗೆ ಆ ಉಪಾಯ ಗೊತ್ತಿಲ್ಲ. ನಿಮ್ಮ ಪಕ್ಕದ ನಾಗೋಡಿಯ ಹೆಸರಿನಲ್ಲೇ ಒಂದು ಮೀನಿದೆ, ಗೊತ್ತಾ? ಶಿಸ್ಟುರಾ ನಾಗೋಡಿಯೆನ್ಸಿಸ್. 2006ರಲ್ಲಿ ಶರಾವತಿ ಕಣಿವೆಯಿಂದ ವಿಜ್ಞಾನಕ್ಕೆ ಪರಿಚಯವಾಯಿತು. ಅದಕ್ಕೂ ಎರಡು ವರ್ಷ ಮೊದಲು ಇದೇ ಹೊಳೆಯಿಂದ ಬಟಾಸಿಯೋ ಶರಾವತಿಯೆನ್ಸಿಸ್ ಅನ್ನುವ ಇನ್ನೊಂದು. ಇಷ್ಟು ಈಚೆಗೆ ಹೆಸರು ಪಡೆದ ಮೀನುಗಳ ಹಳ್ಳ ನಿಮ್ಮದು. ಇಂಥವು ಹೋದರೆ ನದಿ ಬದಲಿಸಿ ಇನ್ನೆಲ್ಲೋ ಬದುಕುತ್ತವೆ ಅನ್ನುವಂತಿಲ್ಲ.

ಕಪ್ಪೆ ವಿಷಯ ಬಿಟ್ಟರೆ ನನಗೆ ನಿದ್ದೆ ಬರಲ್ಲ, ಅದನ್ನೂ ಹೇಳುತ್ತೇನೆ. ಜೋಗದಿಂದ ಹೊನ್ನಾವರದ ದಾರಿಯಲ್ಲಿ ಕತ್ತಲೆಕಾನು ಸಿಗುತ್ತದೆ. ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಜೌಗು ಇರುವ ಕಾಡು. ಅಲ್ಲಿನ ಕುಂಬಾರ ಕಪ್ಪೆಯನ್ನು 2014ರಲ್ಲಿ ಹೊಸ ಜಾತಿ ಅಂತ ಗುರುತಿಸಿದರು. ಹರಿಯುವ ತೊರೆಯ ಮೇಲೆ ಚಾಚಿದ ಕಡ್ಡಿಗೆ ಹೆಣ್ಣು ಮೊಟ್ಟೆ ಅಂಟಿಸುತ್ತದೆ. ಗಂಡು ಕೆಳಗಿನಿಂದ ಕೈಯಲ್ಲಿ ಮಣ್ಣು ತಂದು ಅದಕ್ಕೆ ಮೆತ್ತುತ್ತದೆ. ಮೊಟ್ಟೆ ಒಣಗದಿರಲಿ, ಬೇರೆಯವರ ಬಾಯಿಗೆ ಬೀಳದಿರಲಿ ಅಂತ ಇರಬೇಕು. ನೀರಿನ ಹೊರಗೆ ಮೊಟ್ಟೆ ಇಟ್ಟು, ಗಾಳಿಯ ತೇವವನ್ನೇ ನಂಬಿ ಕೂರುವ ಪ್ರಾಣಿ ಇದು. ನಮ್ಮ ಪೊದೆಗಪ್ಪೆಗಳದು ಇನ್ನೂ ಒಂದು ಹೆಜ್ಜೆ ಮುಂದೆ. ಅವುಗಳಲ್ಲಿ ಗೊದಮೊಟ್ಟೆಯ ಹಂತವೇ ಇಲ್ಲ. ಮೊಟ್ಟೆಯೊಳಗಿನಿಂದ ನೇರ ಪುಟ್ಟ ಕಪ್ಪೆ ಹೊರಬರುತ್ತದೆ. ಅಲ್ಲಿಯವರೆಗೆ ಮೊಟ್ಟೆ ಹಸಿಯಾಗಿ ಇರಬೇಕು. ಮಳೆಗಾಲದ ಮಧ್ಯೆ ವಾರಗಟ್ಟಲೆ ಬಿಸಿಲು ಕಾದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

2023ರಲ್ಲಿ ಜಗತ್ತಿನ 8,000ಕ್ಕೂ ಹೆಚ್ಚು ಉಭಯಚರ ಜಾತಿಗಳ ಸ್ಥಿತಿ ನೋಡಿ ಒಂದು ದೊಡ್ಡ ವರದಿ ಬಂತು. ಶೇ 41ರಷ್ಟು ಅಪಾಯದಲ್ಲಿವೆ. 2004ರ ನಂತರ ಪರಿಸ್ಥಿತಿ ಹದಗೆಟ್ಟ ಜಾತಿಗಳಲ್ಲಿ ಶೇ 39ಕ್ಕೆ ಮುಖ್ಯ ಕಾರಣ ಹವಾಮಾನ ಬದಲಾವಣೆ, ಶೇ 37ಕ್ಕೆ ನೆಲೆ ನಾಶ. ಅದಕ್ಕೂ ಹಿಂದಿನ ದಶಕಗಳಲ್ಲಿ ಹವಾಮಾನದ ಪಾಲು ಇಷ್ಟು ಇರಲಿಲ್ಲ.

ಹಿನ್ನೀರು (ಸಾಗರ)

ಮೇಷ್ಟ್ರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ನನಗೆ ಇದನ್ನು ಕೇಳಿದಾಗೆಲ್ಲ ಒಂದು ಸಿಟ್ಟು ಬರುತ್ತದೆ.

ಎಲ್ಲದಕ್ಕೂ ಹವಾಮಾನ ಬದಲಾವಣೆ ಅಂದುಬಿಟ್ಟರೆ ಯಾರೂ ಜವಾಬ್ದಾರರಲ್ಲ. ಅಮೆರಿಕದವನು ಕಾರು ಓಡಿಸಿದ, ಅದಕ್ಕೆ ನಿಟ್ಟೂರಲ್ಲಿ ಮೀನು ಹತ್ತಲಿಲ್ಲ. ಮುಗಿಯಿತಲ್ಲ ಮಾರಾಯ್ರೇ, ನಾವು ಆರಾಮ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದು 1964ರಲ್ಲಿ. ಕಾಡು, ಗದ್ದೆ, ಊರು ಎಲ್ಲ ಮುಳುಗಿತು. ನಮ್ಮ ಅಜ್ಜನ ಮನೆ ಇರುವುದೂ ಈಗ ನೀರೊಳಗೇ. ಹರಿಯುವ ಹೊಳೆಯ ಮೀನಿಗೆ ನಿಂತ ನೀರು ಕೊಟ್ಟೆವು. ಆಮೇಲೆ ಉಳಿದ ಗುಡ್ಡಕ್ಕೆ ಅಕೇಶಿಯಾ ತಂದು ಸುರಿದರು. ಅದರ ಕೆಳಗೆ ಹುಲ್ಲೂ ಸರಿಯಾಗಿ ಏಳುವುದಿಲ್ಲ. ಆಮೇಲೆ ಅಡಿಕೆಗೆ ರೇಟು ಬಂತು, ಜೆಸಿಬಿ ಬಂತು. ಕಾನು ಹೋಯಿತು, ಗದ್ದೆ ಹೋಯಿತು. ಹತ್ತುಮೀನು ಹತ್ತಬೇಕಾದ ಗದ್ದೆಯೇ ತೋಟವಾಗಿದೆ. ಮೊಟ್ಟೆ ಎಲ್ಲಿಡಬೇಕು? ಅಡಿಕೆ ಬುಡದಲ್ಲಾ?

ರಸ್ತೆಗೆ ಹಾಕಿದ ಮೋರಿ ನೋಡಿದ್ದೀರಾ? ಮೊದಲು ಹಳ್ಳದ ಮೇಲೆ ಕಲ್ಲುಚಪ್ಪಡಿ ಸಂಕ ಇರುತ್ತಿತ್ತು. ಈಗ ಸಿಮೆಂಟ್ ಪೈಪು. ಪೈಪಿನ ಕೆಳತುದಿ ನೀರಿನ ಮಟ್ಟಕ್ಕಿಂತ ಎರಡು ಅಡಿ ಮೇಲೆ ನೇತಾಡುತ್ತಿರುತ್ತದೆ. ಯಾವ ಮೀನು ಹಾರುತ್ತದೆ ಅದನ್ನ?

2019ರಲ್ಲಿ ವಿಶ್ವಸಂಸ್ಥೆ ಬೆಂಬಲದ ಜೀವವೈವಿಧ್ಯ ವೇದಿಕೆ ವರದಿ ಕೊಟ್ಟಿತಲ್ಲ, ಹತ್ತು ಲಕ್ಷದಷ್ಟು ಜೀವಜಾತಿ ಅಪಾಯದಲ್ಲಿವೆ ಅಂತ. ಅದರಲ್ಲೇ ಕಾರಣಗಳನ್ನು ಸಾಲಾಗಿ ಹೇಳಿದ್ದಾರೆ. ಮೊದಲನೆಯದು ನೆಲ ಮತ್ತು ಸಮುದ್ರದ ಬಳಕೆ ಬದಲಾಗಿದ್ದು. ಎರಡನೆಯದು ನೇರವಾಗಿ ಹಿಡಿದು, ಕಡಿದು ಮುಗಿಸಿದ್ದು. ಹವಾಮಾನ ಬರುವುದು ಮೂರನೆಯದಾಗಿ. ಮೊದಲ ಎರಡಕ್ಕೆ ಉತ್ತರ ಹೇಳಿ ಮೂರನೆಯದಕ್ಕೆ ಬರೋಣ.

ಕೊನೆಗೌಡ (ತೀರ್ಥಹಳ್ಳಿ ಸೀಮೆ)

ನಾನು ಓದಿದವನಲ್ಲ. ಅಡಿಕೆ ಕೊನೆ ಇಳಿಸುವುದು, ಔಷಧಿ ಹೊಡೆಯುವುದು ಕೆಲಸ. ಈಗ ಕಾರ್ಬನ್ ದೋಟಿ (ಉದ್ದ ಕೋಲು) ಬಂದು ಮರ ಹತ್ತುವವರು ಕಡಿಮೆ, ನಾನು ಎರಡೂ ಮಾಡುತ್ತೇನೆ. ಹಿನ್ನೀರಿನವರು ಮೂರನೆಯದು ಬೇರೆ, ಮೊದಲನೆಯದು ಬೇರೆ ಅಂದರಲ್ಲ, ತೋಟದಲ್ಲಿ ನಿಂತು ನೋಡಿದರೆ ಬೇರೆ ಬೇರೆ ಕಾಣುವುದಿಲ್ಲ. ಹೇಗೆ ಅಂತ ಹೇಳುತ್ತೇನೆ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯುತ್ತೇವೆ. ಮೊದಲನೇದು ಮಳೆಗಾಲ ಹಿಡಿಯುವ ಮೊದಲು ಆಗಬೇಕು. ಎರಡನೇದು ನಲವತ್ತು ನಲವತ್ತೈದು ದಿನ ಬಿಟ್ಟು, ಮಳೆ ಹೊಳವಾದಾಗ. ಮೊದಲು ಅಷ್ಟು ಸಾಕಿತ್ತು. ಮೇ ತಿಂಗಳಲ್ಲೇ ಮಳೆ ಹಿಡಿದ ವರ್ಷ ಮೊದಲನೇ ಔಷಧಿಗೆ ಹೊತ್ತೇ ಸಿಗುವುದಿಲ್ಲ. ಹೊಳವು ನೋಡಿ ಮರ ಹತ್ತಿ ಹೊಡೆದು ಇಳಿಯುವಷ್ಟರಲ್ಲಿ ಜಡಿಮಳೆ ಬಂದು ತೊಳೆದುಕೊಂಡು ಹೋಗುತ್ತದೆ. ಯಜಮಾನರು ಮತ್ತೆ ಹೊಡಿ ಅನ್ನುತ್ತಾರೆ. ಮೂರು ಸಲ, ಕೆಲವು ತೋಟಕ್ಕೆ ನಾಲ್ಕು ಸಲ. ಅದರ ಮೇಲೆ ಎಲೆಚುಕ್ಕೆ ರೋಗ ಬೇರೆ ಬಂದಿದೆ, ಅದಕ್ಕೂ ಔಷಧಿ.

ಬೋರ್ಡೋ ಅಂದರೆ ಎಂತ? ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. ತೊಳೆದುಹೋದ ಮೈಲುತುತ್ತ ಎಲ್ಲಿ ಹೋಗುತ್ತದೆ? ಕಪ್ಪಿನಿಂದ (ತೋಟದ ಬಸಿಗಾಲುವೆ) ಕಾಲುವೆಗೆ, ಕಾಲುವೆಯಿಂದ ಹಳ್ಳಕ್ಕೆ. ಅದೇ ಹೊತ್ತಿಗೆ ಹಳ್ಳದಲ್ಲಿ ಮೀನು ಮೊಟ್ಟೆ ಇಟ್ಟಿರುತ್ತದೆ. ಡ್ರಮ್ಮು ತೊಳೆಯುವುದೂ ಹಳ್ಳದಲ್ಲೇ. ನಾನೂ ತೊಳೆಯುತ್ತಿದ್ದೆ, ಈಗ ತೋಟದ ಮೇಲ್ಗಡೆ ಗುಂಡಿ ತೆಗೆದು ಅಲ್ಲೇ ಚೆಲ್ಲುತ್ತೇನೆ. ಮಳೆ ದಾರಿ ತಪ್ಪಿದ್ದು ಹೌದು. ಮೈಲುತುತ್ತ ಹೊಡೆದದ್ದು ನಾವು, ಅದೂ ಹೌದು.

ಮರದ ಮೇಲೆ ಸೋಗೆ ಬುಡದಲ್ಲಿ ಕೂತಿರುತ್ತಿದ್ದ ಹಸಿರು ಕಪ್ಪೆ ಈಗ ಅಪರೂಪ. ಚಗಳಿ ಇರುವೆ ಮಾತ್ರ ಕಡಿಮೆಯಾಗಿಲ್ಲ, ಕಚ್ಚುವುದೂ.

ಹಳ್ಳದ ದಾರಿ (ಶಿವಮೊಗ್ಗ)

ಕೊನೆಗೌಡರೇ, ನಾನು ಒಂದು ಗಂಟೆ ಪಾಠ ಮಾಡುವುದನ್ನು ನೀವು ಎರಡು ಪ್ಯಾರಾದಲ್ಲಿ ಮುಗಿಸಿದಿರಿ. ಮೈಲುತುತ್ತದಲ್ಲಿರುವ ತಾಮ್ರ, ಕಳೆನಾಶಕದ ಹಾಗೆ ಕೊಳೆತು ಕರಗುವ ವಸ್ತು ಅಲ್ಲ. ಮಣ್ಣಿಗೆ ಸೇರಿದ್ದು ಮಣ್ಣಲ್ಲೇ ಕೂರುತ್ತದೆ, ವರ್ಷ ವರ್ಷ ಕೂಡಿಕೊಳ್ಳುತ್ತದೆ. ನೀರಿಗೆ ಸೇರಿದರೆ ಮೀನಿಗೆ, ಗೊದಮೊಟ್ಟೆಗೆ ಸಣ್ಣ ಪ್ರಮಾಣವೂ ವಿಷ. ಸುಣ್ಣ ಸರಿಯಾಗಿ ಹಾಕಿದ ಬೋರ್ಡೋ ಬರೀ ಮೈಲುತುತ್ತದಷ್ಟು ಉಗ್ರ ಅಲ್ಲ ಅನ್ನುವುದೊಂದೇ ಸಮಾಧಾನ.

ಹಿನ್ನೀರಿನ ಅಣ್ಣನ ಸಿಟ್ಟು ನನಗೆ ಅರ್ಥವಾಗುತ್ತದೆ. ಪಟ್ಟಿಯಲ್ಲಿ ಮೂರನೆಯದು ಅನ್ನುವುದೂ ನಿಜ. ಆದರೆ ಅದು ಇಲ್ಲಿಯವರೆಗೆ ಆದ ನಷ್ಟದ ಲೆಕ್ಕ. ಹವಾಮಾನದ ಪಾಲು ಏರುತ್ತಾ ಇದೆ ಅಂತ ಅದೇ ವರದಿ ಹೇಳುತ್ತದೆ. ಅಂತರ ಸರ್ಕಾರಿ ಹವಾಮಾನ ಸಮಿತಿ 2018ರಲ್ಲಿ ಒಂದು ಲೆಕ್ಕ ಕೊಟ್ಟಿತ್ತು. ಭೂಮಿ ಒಂದೂವರೆ ಡಿಗ್ರಿ ಬಿಸಿಯಾದರೆ, ಅವರು ನೋಡಿದ ಕೀಟಗಳಲ್ಲಿ ಶೇ 6ರಷ್ಟು ಜಾತಿಗಳು ತಮಗೆ ಒಗ್ಗುವ ಪ್ರದೇಶದ ಅರ್ಧಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತವೆ. ಎರಡು ಡಿಗ್ರಿ ಆದರೆ ಶೇ 18. ಗಿಡಮರಗಳಲ್ಲಿ ಶೇ 8 ಇದ್ದದ್ದು 16 ಆಗುತ್ತದೆ. ಅರ್ಧ ಡಿಗ್ರಿಗೆ ಎಷ್ಟು ವ್ಯತ್ಯಾಸ ನೋಡಿ.

ಈ ಪ್ರದೇಶ ಕಳೆದುಕೊಳ್ಳುವುದು ಅಂದರೆ ಏನು? ಬಿಸಿ ಜಾಸ್ತಿಯಾದರೆ ಪ್ರಾಣಿ ತಂಪು ಇರುವ ಕಡೆ ಸರಿಯುತ್ತದೆ. ಗುಡ್ಡಗಾಡಿನಲ್ಲಿ ತಂಪು ಅಂದರೆ ಮೇಲೆ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ತಂಪು. ಅಂದರೆ ಒಂದು ಡಿಗ್ರಿಗೆ 150 ಮೀಟರ್ ಏರಬೇಕು. ಹಿಮಾಲಯದಲ್ಲಿ ಏರಲು ಜಾಗ ಇದೆ. ನಮ್ಮ ಕೊಡಚಾದ್ರಿ ಇರುವುದೇ 1,343 ಮೀಟರ್. ಅದರ ತುದಿಯ ಹುಲ್ಲು, ಮಂಜು ನಂಬಿ ಬದುಕುವ ಜೀವಿ ಮುಂದೆ ಎಲ್ಲಿಗೆ ಹೋಗಬೇಕು? ಮುಳ್ಳಯ್ಯನಗಿರಿ ಕಡೆ ಹೋಗಬಹುದು ಅನ್ನೋಣ, 1,900 ಮೀಟರ್ ದಾಟುತ್ತದೆ. ನಡುವೆ ಇರುವುದು ನೀವು ಹೇಳಿದ ಅಕೇಶಿಯಾ, ಅಡಿಕೆ, ಕಾಫಿ, ಹೈವೇ. ಬೆರಳುದ್ದದ ಕಪ್ಪೆ ಅದನ್ನು ದಾಟುವುದಿಲ್ಲ. ನಿಮ್ಮ ಮೊದಲನೇ ಕಾರಣ ದಾರಿ ಮುಚ್ಚಿದೆ, ನನ್ನ ಮೂರನೇದು ಹಿಂದಿನಿಂದ ಅಟ್ಟುತ್ತಿದೆ. ನಾವಿಬ್ಬರೂ ಜಗಳ ಆಡುವ ಅಗತ್ಯ ಇಲ್ಲ.

ಹೊರಗಿನ ಎರಡು ಉದಾಹರಣೆ ಕೊಡುತ್ತೇನೆ, ಹಿಮಕರಡಿ ಇಲ್ಲ, ಗದ್ದೆಮನೆಯವರು ಕ್ಷಮಿಸಬೇಕು. ಆಸ್ಟ್ರೇಲಿಯಾದ ಉತ್ತರಕ್ಕೆ ಬ್ರಾಂಬಲ್ ಕೇ ಅನ್ನುವ ಪುಟ್ಟ ದ್ವೀಪ. ಅಲ್ಲಿ ಮಾತ್ರ ಇದ್ದ ಒಂದು ಇಲಿ, ಮೆಲೊಮಿಸ್. ಸಮುದ್ರ ಮತ್ತೆ ಮತ್ತೆ ದ್ವೀಪದ ಮೇಲೆ ನುಗ್ಗಿ ಗಿಡಗಂಟಿ ಹೋಯಿತು, ಇಲಿಯೂ ಹೋಯಿತು. 2019ರಲ್ಲಿ ಅಲ್ಲಿನ ಸರ್ಕಾರ ಅಳಿದಿದೆ ಎಂದು ಘೋಷಿಸಿತು. ಮನುಷ್ಯ ತಂದ ಹವಾಮಾನ ಬದಲಾವಣೆಯಿಂದ ಅಳಿದ ಮೊದಲ ಸಸ್ತನಿ ಅಂತ ಅದನ್ನು ಲೆಕ್ಕ ಹಾಕುತ್ತಾರೆ.

ಇನ್ನೊಂದು ನೆದರ್ಲೆಂಡ್ಸಿನದು. ಅಲ್ಲೊಂದು ನೊಣಹಿಡುಕ ಹಕ್ಕಿ ಚಳಿಗಾಲಕ್ಕೆ ಆಫ್ರಿಕಾಕ್ಕೆ ಹೋಗಿ ವಸಂತಕ್ಕೆ ವಾಪಸ್ ಬಂದು ಮರಿ ಮಾಡುತ್ತದೆ. ಮರಿಗೆ ಬೇಕಾದ್ದು ಕಂಬಳಿಹುಳು. ವಸಂತ ಬೇಗ ಬೆಚ್ಚಗಾಗಿ ಹುಳ ಮುಂಚೆಯೇ ಎದ್ದು ಮುಗಿಯತೊಡಗಿತು. ದೂರದ ಆಫ್ರಿಕಾದಲ್ಲಿರುವ ಹಕ್ಕಿಗೆ ಅದು ತಿಳಿಯುವುದು ಹೇಗೆ? ಹುಳ ತೀರಾ ಬೇಗ ಏಳುವ ಕಾಡುಗಳಲ್ಲಿ ಎರಡು ದಶಕದಲ್ಲಿ ಆ ಹಕ್ಕಿ ಶೇ 90ರಷ್ಟು ಕಡಿಮೆಯಾಯಿತು ಅಂತ 2006ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಬಿಸಿಗೆ ಒಂದು ಹಕ್ಕಿಯೂ ಸತ್ತಿದ್ದಲ್ಲ. ಊಟದ ಹೊತ್ತು ತಪ್ಪಿತು, ಅಷ್ಟೇ. ನಿಮ್ಮ ಹತ್ತುಮೀನಿನದೂ ಇದೇ ಜಾತಿಯ ಕಷ್ಟ.

ಮುರುಗಲು (ಹೊಸನಗರ)

ಹೊತ್ತು ತಪ್ಪುವುದು ಅಂದ ಕೂಡಲೇ ಬರೆಯಬೇಕು ಅನ್ನಿಸಿತು ಸರ್. ನಾವು ಕೆಲವು ಹೆಂಗಸರು ಸೇರಿ ಉಪ್ಪಿನಕಾಯಿ, ಮುರುಗಲು (ಪುನರ್ಪುಳಿ) ಸಿಪ್ಪೆ, ಹಪ್ಪಳ ಮಾಡಿ ಮಾರುತ್ತೇವೆ.

ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಯ ಎಳೆ ಮಾವು, ಹೊಳೆಬದಿಯ ಕಾಡುಮರದ್ದು. ಜೀರಿಗೆ ವಾಸನೆಯದು ಒಂದು, ಕರ್ಪೂರದ ವಾಸನೆಯದು ಒಂದು, ಅನಂತಭಟ್ಟನ ಅಪ್ಪೆಯಂತೂ ಎಲ್ಲರಿಗೂ ಗೊತ್ತು. ಒಂದೊಂದು ಮರಕ್ಕೂ ಒಂದೊಂದು ರುಚಿ. ಬೀಜದಿಂದ ತಾನಾಗಿ ಹುಟ್ಟಿದ ಮರಗಳು, ಒಂದರ ಹಾಗೆ ಇನ್ನೊಂದಿಲ್ಲ. ಹೂ ಬಿಟ್ಟ ಹೊತ್ತಿಗೆ ಮೋಡ ಮುಚ್ಚಿಕೊಂಡರೆ, ಇಬ್ಬನಿ ಜಾಸ್ತಿಯಾದರೆ, ಅಕಾಲ ಮಳೆ ಬಂದರೆ ಬೂದಿರೋಗ, ಜಿಗಿಹುಳು. ಹೂವೆಲ್ಲ ಕರಟಿ ಉದುರುತ್ತದೆ. ಮಿಡಿ ಕಡಿಮೆಯಾದ ವರ್ಷ ರೇಟು ಮೇಲೆ. ರೇಟು ಮೇಲೆ ಹೋದಾಗ ಕೊಯ್ಯುವವರಿಗೆ ತಾಳ್ಮೆ ಇರಲ್ಲ. ಕೊಂಬೆಯನ್ನೇ ಕಡಿದು ಕೆಳಗೆ ಹಾಕಿ ಮಿಡಿ ಬಿಡಿಸಿಕೊಂಡು ಹೋಗುತ್ತಾರೆ. ಮುಂದಿನ ವರ್ಷದ ಹೂವೂ ಹೋಯಿತು. ಒಂದೂ ಮಿಡಿ ಹಣ್ಣಾಗಲು ಉಳಿಯುವುದಿಲ್ಲ, ಮತ್ತೆ ಸಸಿ ಎಲ್ಲಿಂದ ಬರಬೇಕು? ಕೊನೆಗೌಡಣ್ಣ ಮೈಲುತುತ್ತದ ಬಗ್ಗೆ ಹೇಳಿದ ಹಾಗೆಯೇ ಇದೂ.

ಮುರುಗಲು ಹಣ್ಣಾಗುವುದು ಏಪ್ರಿಲ್, ಮೇನಲ್ಲಿ. ಬಿಸಿಲಲ್ಲಿ ಒಣಗಿಸಬೇಕು. ಮೇ ತಿಂಗಳಲ್ಲಿ ಮಳೆ ಹಿಡಿದರೆ ಹಣ್ಣು ನೆಲದಲ್ಲೇ ಕೊಳೆಯುತ್ತದೆ, ನಮ್ಮ ದುಡ್ಡೂ. ಹಣ್ಣು ಸಿಗದ ಮರವನ್ನು ಇಟ್ಟುಕೊಂಡು ಏನು ಮಾಡುವುದು ಅಂತ ನಮ್ಮ ಮಾವನೇ ಬೆಟ್ಟದಲ್ಲಿ ಎರಡು ಮರ ಕಡಿಸಿದರು. ನಾನು ಜಗಳ ಆಡಿದೆ, ಕೇಳಲಿಲ್ಲ. ಕಾಡಿನ ಮರಕ್ಕೆ ಬೆಲೆ ಇರುವಷ್ಟು ದಿನ ಮಾತ್ರ ಅದನ್ನು ಉಳಿಸುತ್ತಾರೆ ಅನ್ನುವುದು ನನ್ನ ಅನುಭವ. ವಿಜ್ಞಾನದವರು ಇದನ್ನು ಯಾವ ಪಟ್ಟಿಯಲ್ಲಿ ಬರೆಯುತ್ತಾರೋ ಗೊತ್ತಿಲ್ಲ.

ಹೆಜ್ಜೇನಿನ ವಿಷಯವನ್ನೂ ಯಾರಾದರೂ ಬರೆಯಿರಿ. ನಮ್ಮೂರ ದೊಡ್ಡ ಮರದಲ್ಲಿ ಸಾಲಾಗಿ ತಟ್ಟಿ ಕಟ್ಟುತ್ತಿದ್ದವು, ಈಗ ಒಂದೋ ಎರಡೋ.

ಗದ್ದೆಮನೆ (ಹೊಸನಗರ ತಾಲ್ಲೂಕು)

ಎಲ್ಲರಿಗೂ ಧನ್ಯವಾದ. ಒಂದು ಡಿಗ್ರಿಯ ಉತ್ತರ ಸಿಕ್ಕಿತು. ಇದನ್ನು ಓದುತ್ತಾ ನನಗೆ ಇನ್ನೊಂದು ಹೊಳೆಯಿತು. ಮೀನು ಮಳೆಗಾಲದಲ್ಲಿ ಹತ್ತಬೇಕಾದರೆ ಬೇಸಿಗೆಯಲ್ಲಿ ಬದುಕಿರಬೇಕಲ್ಲ. ಹಳ್ಳದಲ್ಲಿ ಏಪ್ರಿಲ್ ಹೊತ್ತಿಗೆ ನೀರು ಉಳಿಯುವುದು ಅಲ್ಲೊಂದು ಇಲ್ಲೊಂದು ಗುಂಡಿಯಲ್ಲಿ. ತಾಯಿಮೀನು ಇರುವುದೂ ಅಲ್ಲೇ. ಬೇಸಿಗೆ ಬಿಸಿಲು ಜಾಸ್ತಿಯಾದ ಹಾಗೆ ಅಡಿಕೆಗೆ ನೀರು ಜಾಸ್ತಿ ಬೇಕು. ನಮ್ಮ ಹಳ್ಳದ ಉದ್ದಕ್ಕೂ ಪಂಪ್‌ಸೆಟ್. ಎಲ್ಲರ ಫುಟ್‌ವಾಲ್ವ್ ಇರುವುದು ಆ ಗುಂಡಿಗಳಲ್ಲೇ, ನಮ್ಮದೂ ಸೇರಿ. ಕೊನೆಯ ಒಂದು ಅಡಿ ನೀರನ್ನೂ ಎಳೆದು ಮೀನು ಕೆಸರಲ್ಲಿ ಒದ್ದಾಡುವಾಗ ಹುಡುಗರು ಬುಟ್ಟಿ ತಂದು ಬಾಚುತ್ತಾರೆ. ಜೂನ್‌ನಲ್ಲಿ ಮಳೆ ಸರಿಯಾಗಿ ಬಂದರೂ ಹತ್ತುವುದಕ್ಕೆ ಮೀನೇ ಇರುವುದಿಲ್ಲ.

ಮಳೆಯನ್ನು ನಾನು ಸರಿ ಮಾಡಲಾರೆ. ನಮ್ಮ ಹಳ್ಳದ ಏಳೆಂಟು ಮನೆಯವರನ್ನು ಕೂರಿಸಿ ಮಾತಾಡಬಹುದು. ಮೇಷ್ಟ್ರೇ, ಏನು ಹೇಳಲಿ ಅವರಿಗೆ? ಭಾಷಣ ಮಾಡಿದರೆ ಎದ್ದು ಹೋಗುತ್ತಾರೆ. ಕೂಣಿ ಹಾಕಬೇಡಿ ಅಂದರೆ ನನ್ನನ್ನೇ ಹಳ್ಳಕ್ಕೆ ತಳ್ಳುತ್ತಾರೆ.

ಹಳ್ಳದ ದಾರಿ (ಶಿವಮೊಗ್ಗ)

ಕೂಣಿ ಬೇಡ ಅನ್ನಬೇಡಿ. ಹತ್ತುವಾಗ ಹಿಡಿಯಬೇಡಿ, ಇಳಿಯುವಾಗ ಹಿಡಿಯಿರಿ ಅನ್ನಿ. ಮೇಲೆ ಬರುವ ಮೀನಿನ ಹೊಟ್ಟೆ ತುಂಬ ಮೊಟ್ಟೆ. ಮೊಟ್ಟೆ ಇಟ್ಟು ವಾಪಸ್ ಹೋಗುವಾಗ ಹಿಡಿದರೆ ಅಷ್ಟು ನಷ್ಟ ಇಲ್ಲ. ಅದೂ ಆಗದು ಅಂದರೆ ಎರಡು ಕಂಡಿ ಇರುವ ಕಡೆ ಒಂದಕ್ಕೆ ಮಾತ್ರ ಕೂಣಿ.

ನಿಮ್ಮ ಗುಂಡಿಯ ಮಾತು ಬಹಳ ಮುಖ್ಯ. ಹಳ್ಳದಲ್ಲಿ ಅತಿ ಆಳದ ಒಂದು ಗುಂಡಿ ಆರಿಸಿ, ಮೇಲೆ ಮರದ ನೆರಳು ಇರುವಂಥದ್ದು. ಅದಕ್ಕೆ ಮಾತ್ರ ಮಾರ್ಚ್‌ನಿಂದ ಮಳೆ ಬರುವವರೆಗೆ ಯಾರೂ ಪಂಪ್ ಇಳಿಸಬಾರದು. ಶೃಂಗೇರಿಯಲ್ಲಿ, ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲಿ ತುಂಗೆಯ ಮೀನು ಉಳಿದಿರುವುದು ಹೀಗೆ ಜಾಗ ಗುರುತು ಮಾಡಿ ಮುಟ್ಟಬಾರದು ಅಂದಿದ್ದರಿಂದಲೇ. ದೇವರ ಹೆಸರು ಹೇಳಿದರೆ ಸುಲಭ ಆಗುತ್ತದೆ ಅಂತಾದರೆ ಹೇಳಿ, ನನ್ನ ತಕರಾರಿಲ್ಲ. ಹಳ್ಳದ ದಂಡೆಯ ಹೊಳೆದಾಸವಾಳ, ನೇರಳೆ, ಅಪ್ಪೆ ಮರ ಕಡಿಯದಿದ್ದರೆ ನೀರು ತಂಪಾಗಿರುತ್ತದೆ, ಆಮ್ಲಜನಕವೂ ಉಳಿಯುತ್ತದೆ.

ಹಿನ್ನೀರು (ಸಾಗರ)

ಮೋರಿ ಮರೆತಿರಿ. ಪೈಪಿನ ಕೆಳತುದಿಗೆ ಕಲ್ಲು ಜೋಡಿಸಿ ಮೆಟ್ಟಿಲಿನ ಹಾಗೆ ಮಾಡಿದರೆ ಮೀನು ಹತ್ತುತ್ತದೆ. ನಮ್ಮೂರಲ್ಲಿ ನಾಲ್ಕು ಜನ ಸೇರಿ ಮಾಡಿದ್ದೇವೆ, ಪಂಚಾಯ್ತಿಗೆ ಕಾಯಲಿಲ್ಲ. ಜೋರು ಮಳೆಗೆ ಕಲ್ಲು ಜಾರುತ್ತದೆ, ಪ್ರತಿ ವರ್ಷ ಮತ್ತೆ ಜೋಡಿಸಬೇಕು. ಮೇ ತಿಂಗಳಲ್ಲಿ ಮಾಡಿ, ಮೊದಲ ಮಳೆ ನೋಡಿ ಹೊರಟರೆ ತಡವಾಗುತ್ತದೆ. ಫೋಟೋ ಬೇಕಿದ್ದರೆ ಹಾಕುತ್ತೇನೆ.

ಕೊನೆಗೌಡ (ತೀರ್ಥಹಳ್ಳಿ ಸೀಮೆ)

ಫೋಟೋ ಹಾಕಿ ಅಣ್ಣಾ. ನಮ್ಮ ಯಜಮಾನರ ತೋಟದ ಕೆಳಗೂ ಅಂಥದ್ದೇ ಒಂದು ಪೈಪಿದೆ.